ಬೀಗರ ಬಲಗೈ, ನನ್ನ ಲಟ್ಟಣಿಗೆ

ಇವತ್ತು ಬೆಳಗ್ಗೆ ನಮ್ಮ ಬೀಗರು ಬಲಗೈಯಲ್ಲಿ ವಿಮಾನ ಇಳಿಸಿದರು. ಹರಿಹರದ ಹೊಳೆ ದಂಡೆಯ ಮೇಲೆ, ಸೇತುವೆಯಿಂದ ಒಂದಿಷ್ಟು ಈಚೆಗೆ. ವಿಮಾನ ಕಂಪ್ಯೂಟರಿನ ಒಳಗಿನದು. ಕೈ ಮಾತ್ರ ನಿಜವಾದದ್ದು. ಐದು ಬೆರಳೂ ಮಡಚಿ, ಗೆಣ್ಣು ಬೆಳ್ಳಗಾಗುವ ಹಾಗೆ ಅದನ್ನು ಓಡಿಸುವ ಕೋಲನ್ನು ಹಿಡಿದಿದ್ದವು. ಇಷ್ಟು ದಿನ ಆ ಕೈಯನ್ನು ಕೋಲಿಗೆ ಬಿಗಿಯುತ್ತಿದ್ದ ಬಟ್ಟೆ ಪಟ್ಟಿ ಬಿಚ್ಚಿಕೊಂಡು ಮೇಜಿನ ಕೆಳಗೆ ಬಿದ್ದಿತ್ತು. ಅದು ಬಿದ್ದದ್ದು ಅವರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಮೊಮ್ಮಗಳೇ ನೋಡಿ, "ಅಜ್ಜ, ಪಟ್ಟಿ ಇಲ್ಲ, ನಿನ್ನ ಕೈಯೇ ಹಿಡದೈತೆ" ಅಂದಳು.

ಬೀಗರು ತಮ್ಮ ಕೈಯನ್ನು ಬೇರೆ ಯಾರದೋ ಕೈ ನೋಡುವ ಹಾಗೆ ನೋಡಿಕೊಂಡರು. ಆಮೇಲೆ ಬಾಗಿಲಲ್ಲಿ ನಿಂತಿದ್ದ ನನ್ನ ಕಡೆ ತಿರುಗಿ, "ಅಕ್ಕಾರೆ, ಇವತ್ತು ಸಂಜಿ ಊಟಕ್ಕೆ ನಂದೂ ಒಂದು ಎಲಿ ಹಾಕ್ರಿ. ಎಲ್ಲಾರ ಜೊತಿಗೆ" ಅಂದರು.

ನಾನು ಹಿತ್ತಲಿಗೆ ಹೋಗಿ ಸೆರಗಲ್ಲಿ ಮುಖ ಒರೆಸಿಕೊಂಡು, ಅಲ್ಲಿಂದ ಸೀದಾ ಪಕ್ಕದ ಮನೆಗೆ ಹೋಗಿ ಹೇಳಿದೆ, ಹಾಲಿನವನಿಗೆ ಹೇಳಿದೆ, ಹೂವಿನವಳಿಗೆ ಹೇಳಿದೆ. ಹೂವಿನವಳು, "ಏನಮ್ಮ, ಬೀಗರು ಒಂದು ಎಲಿ ಕೇಳಿದ್ದಕ್ಕೆ ಇಷ್ಟು ಕುಣೀತೀಯ?" ಅಂತ ನಕ್ಕಳು. ಅವಳಿಗೆ ಆ ಎಲೆಯ ಕಥೆ ಗೊತ್ತಿಲ್ಲ. ಗೊತ್ತಿದ್ದರೆ ನನ್ನನ್ನು ನೋಡಿ ನಗುತ್ತಿರಲಿಲ್ಲ. ಇಷ್ಟು ಖುಷಿಯಾದ ದಿನವೇ ನನಗೆ ತಲೆ ಎತ್ತಲಾರದಷ್ಟು ನಾಚಿಕೆಯೂ ಆಗುತ್ತಿದೆ. ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವಳು ನಾನು. ಎರಡನ್ನೂ ಬೇರೆ ಬೇರೆ ಮಾಡಿ ಬರೆಯಲು ನನಗೆ ಬರುವುದಿಲ್ಲ. ಬಂದ ಹಾಗೆ ಬರೆಯುತ್ತೇನೆ.

ಬೀಗರು ಅಂದರೆ ನನ್ನ ಸೊಸೆಯ ತಂದೆ. ಹರಿಹರದಲ್ಲಿ ಅವರದು ಬಟ್ಟೆ ಅಂಗಡಿ. ಅಂಗಡಿಯ ಮೇಲೆಯೇ ಮನೆ. ಸೊಸೆಯ ತಾಯಿ ತೀರಿಕೊಂಡು ಬಹಳ ಕಾಲವಾಯಿತು. ಇರುವವಳು ಒಬ್ಬಳೇ ಮಗಳು. ನಾನು ಅವರನ್ನು ಮೊದಲು ನೋಡಿದ್ದು ಬೀಗತನ ಬೆಳೆಯುವುದಕ್ಕೂ ಎಷ್ಟೋ ವರ್ಷ ಮುಂಚೆ, ಗಿರಾಕಿಯಾಗಿ. ಸುತ್ತಿಟ್ಟ ಬಟ್ಟೆಯ ಥಾನನ್ನು ಎತ್ತಿ ಗಾದಿಯ ಮೇಲೆ ಎಸೆದರೆ ಅದು ತಾನೇ ಉರುಳುತ್ತ ಬಿಚ್ಚಿಕೊಂಡು ಬಂದು ನಮ್ಮ ಮಡಿಲ ಹತ್ತಿರ ನಿಲ್ಲುತ್ತಿತ್ತು. ಕತ್ತರಿಯಲ್ಲಿ ಒಂದು ಚೂರು ಕಚ್ಚು ಕೊಟ್ಟು, ಬಲಗೈಯಲ್ಲಿ ಚರ್ರನೆ ಹರಿದರೆ ಗೆರೆ ಎಳೆದ ಹಾಗೆ ಹರಿಯುತ್ತಿತ್ತು. ಅಳತೆ ಮುಗಿದ ಮೇಲೆ ನಾಲ್ಕು ಬೆರಳು ಇಟ್ಟು, ಅಷ್ಟು ಜಾಸ್ತಿ ಬಿಟ್ಟು ಹರಿಯುತ್ತಿದ್ದರು. "ಇದು ನಮ್ಮ ಕಡೇದು" ಅನ್ನುತ್ತಿದ್ದರು. ಅಂಗಡಿಯ ಸೀರೆಗಳನ್ನೆಲ್ಲ ಬಿಚ್ಚಿಸಿ ನೋಡಿ ಒಂದನ್ನೂ ಕೊಳ್ಳದೆ ಎದ್ದ ಹೆಣ್ಣುಮಕ್ಕಳಿಗೂ, "ನೋಡಿದ್ದಕ್ಕೆ ಬಟ್ಟೆ ಸವೆಯಂಗಿಲ್ಲ ತಾಯಿ, ಮತ್ತೆ ಬರ್ರಿ" ಅನ್ನುತ್ತಿದ್ದರು.

ಮಗಳನ್ನು ಕೊಡುವ ಮಾತಿಗೆ ಅವರು ದಾವಣಗೆರೆಗೆ ನಮ್ಮ ಮನೆಗೆ ಬಂದ ದಿನ ನಾನು ಎರಡೆರಡು ಸಲ ನೆಲ ಸಾರಿಸಿದ್ದೆ. ನಮ್ಮದು ಆಗ ಮಂಡಕ್ಕಿ ಹುರಿಯುವ ಭಟ್ಟಿ, ಮನೆಯೆಲ್ಲ ಹೊಗೆ. ನಡುಮನೆಯ ಪರದೆ ಹರಿದಿತ್ತು. ಹಳೆಯ ಸೀರೆಯ ತುಂಡು ಕೊಟ್ಟು ನಾನೇ ತೇಪೆ ಹಾಕಿದ್ದೆ. ಬಟ್ಟೆ ಅಂಗಡಿಯವರ ಕಣ್ಣು ಬೇರೆ ಎಲ್ಲಿಗೆ ಹೋಗುತ್ತದೆ? ಸೀದಾ ಅಲ್ಲಿಗೇ ಹೋಯಿತು. ಎದ್ದು ಬಂದು ಪರದೆಯನ್ನು ಬೆರಳಲ್ಲಿ ಹಿಡಿದು ನೋಡಿದರು. ನಾನು ನೆಲ ನೋಡುತ್ತ ನಿಂತೆ. "ಈ ಕೈಹೊಲಿಗಿ ಯಾರದ್ರಿ? ನಮ್ಮ ಅಂಗಡಿ ಮುಂದಿನ ಟೈಲರಿಗೆ ತೋರಿಸಬೇಕು ಇದನ್ನ" ಅಂದರು. ಆಗಿನ್ನೂ ಬದುಕಿದ್ದ ನನ್ನ ಗಂಡನಿಗೆ ಅದು ಬರೀ ಮಾತು. ನನಗೆ ಅವತ್ತು ಅವರು ಹರಿದ ಪರದೆಯ ಮೇಲೆ ಒಂದು ಹೊಸ ಬಟ್ಟೆ ಹೊದಿಸಿದ ಹಾಗಾಯಿತು. ಇನ್ನೊಬ್ಬರ ಮಾನ ಮುಚ್ಚುವುದೇ ಅವರ ವ್ಯಾಪಾರ ಅಂತ ಆಮೇಲೆ ಎಷ್ಟೋ ಸಲ ಅಂದುಕೊಂಡಿದ್ದೇನೆ.

ಅಂಥವರಿಗೆ ಹೋದ ವರ್ಷ ಗಾದಿಯ ಮೇಲೆ ಕೂತಿದ್ದಾಗಲೇ ಲಕ್ವ ಹೊಡೆಯಿತು. ಬಲಗಡೆ. ಆಸ್ಪತ್ರೆ ಮುಗಿಸಿ, ನನ್ನ ಮಗ ಹಟ ಮಾಡಿ ದಾವಣಗೆರೆಗೆ ನಮ್ಮ ಮನೆಗೇ ಕರೆದುಕೊಂಡು ಬಂದ. ಮಗಳ ಮನೆಯಲ್ಲಿ ಬಂದು ಬೀಳುವುದು ಅವರಿಗೆ ಎಷ್ಟು ಭಾರವಾಗಿತ್ತು ಅಂದರೆ, ಮೊದಲ ವಾರ ನೀರು ಬೇಕಾದರೂ ಕೇಳುತ್ತಿರಲಿಲ್ಲ. ದಿನ ಕಳೆದಂತೆ ಮಾತು ಸರಿಹೋಯಿತು, ಕಾಲು ಸರಿಹೋಯಿತು, ಗೋಡೆ ಹಿಡಿದು ಓಡಾಡಿದರು. ಬಲಗೈಯ ಮೇಲೆ ಯಾವಾಗಲೂ ಒಂದು ಶಲ್ಯ ಇಳಿಬಿಟ್ಟಿರುತ್ತಿದ್ದರು. ಕಾಲಿನ ಹಾಗೆ ಕೈಯೂ ಸುಧಾರಿಸುತ್ತಿದೆ ಅಂದುಕೊಂಡೆ ನಾನು. ಊಟವನ್ನು ಸೊಸೆ ಅವರ ಕೋಣೆಗೇ ಒಯ್ಯುತ್ತಿದ್ದಳು, ಬಾಗಿಲು ಹಾಕಿಕೊಳ್ಳುತ್ತಿದ್ದಳು. ಅಪ್ಪ ಮಗಳು ಏನೋ ಮಾತಾಡಿಕೊಳ್ಳಲಿ ಅಂತ ನಾನು ಆ ಕಡೆ ಹೋಗುತ್ತಿರಲಿಲ್ಲ.

ಬಸವ ಜಯಂತಿಯ ದಿನ ಮನೆ ತುಂಬ ನೆಂಟರು. ನಮ್ಮ ಕಡೆ ಬೀಗರನ್ನು ಒತ್ತಾಯ ಮಾಡದೆ ಉಣ್ಣಿಸಿದರೆ ಅದು ಊಟವೇ ಅಲ್ಲ. ಬ್ಯಾಡ ಬ್ಯಾಡ ಅನ್ನುವವರ ಎಲೆಗೆ ಹೋಳಿಗೆ ಬೀಳಬೇಕು, ಅವರು ಕೈ ಅಡ್ಡ ಇಡಬೇಕು, ನಾವು ಕೈ ಸರಿಸಿ ಹಾಕಬೇಕು. ಈ ಕೆಲಸದಲ್ಲಿ ನನ್ನನ್ನು ಮೀರಿಸುವವರು ಓಣಿಯಲ್ಲಿ ಇರಲಿಲ್ಲ. ನಾನು ಕೋಣೆಯ ಬಾಗಿಲಿಗೆ ಹೋಗಿ ನಿಂತು, ನಡುಮನೆಗೆಲ್ಲ ಕೇಳುವ ಹಾಗೆ ಕರೆದೆ.

"ಬರ್ರಿ ಬೀಗರೆ. ನೀವು ಬರೋ ತನಕ ಇಲ್ಲಿ ಯಾರೂ ಎಲಿ ಮುಟ್ಟಂಗಿಲ್ಲ."

"ನಂದು ಆಮ್ಯಾಲೆ ಆಗ್ಲಿ ಅಕ್ಕಾರೆ."

"ಅದೆಲ್ಲ ನಡಿಯಂಗಿಲ್ಲ. ಏಳ್ರಿ."

ಬಂದರು. ಶಲ್ಯ ಹೊದ್ದುಕೊಂಡೇ ಕೂತರು. ಬೀಗರು ಮೊದಲ ತುತ್ತು ಎತ್ತಲಿ ಅಂತ ಸಾಲಿಗೆ ಸಾಲೇ ಕಾಯುತ್ತಿತ್ತು. ಅವರ ಎಡಗೈ ಒಂದು ಸಲ ಎಲೆಯ ಹತ್ತಿರ ಬಂದು ಹಿಂದಕ್ಕೆ ಹೋಯಿತು. ನಾನು ಅವರ ಎಲೆಗೆ ಎರಡನೇ ಹೋಳಿಗೆ ಹಾಕಿ, ಮೇಲೆ ತುಪ್ಪ ಬಿಟ್ಟು, "ನಾಚ್ಕಬ್ಯಾಡ್ರಿ, ಮಗಳ ಮನಿ ಅಲ್ವಾ?" ಅಂದೆ. ನೆಂಟರೆಲ್ಲ ನಕ್ಕರು. ಬೀಗರೂ ನಗಲು ನೋಡಿದರು. ಆಮೇಲೆ ಎಲೆಗೆ ತಲೆ ಬಾಗಿಸಿ, "ಹೊಟ್ಟಿ ಸರಿ ಇಲ್ರಿ, ತಪ್ಪು ತಿಳಕಬ್ಯಾಡ್ರಿ, ನೀವು ಉಣ್ರಿ" ಅಂತ ಗೋಡೆ ಹಿಡಿದು ಎದ್ದು ಹೋದರು.

ಅಡುಗೆಮನೆಯಲ್ಲಿ ನಾನು, "ನಮ್ಮ ಜೊತಿಗೆ ಕೂತು ಉಂಡ್ರೆ ಅವರ ದೊಡ್ಡಸ್ತಿಕೆ ಏನು ಕರಗ್ತಿತ್ತು?" ಅಂದೆ. ಸೊಸೆ ಸೌಟನ್ನು ಪಾತ್ರೆಯ ಮೇಲೆ ಇಟ್ಟಳು. ಅವಳು ನನಗೆ ಎದುರು ಮಾತಾಡಿದವಳಲ್ಲ.

"ಅತ್ತೆ, ಅಪ್ಪಗೆ ಬಲಗೈ ಎತ್ತಕ್ಕೆ ಬರಲ್ಲ. ಒಂದು ಬೆರಳೂ ಅಲ್ಲಾಡಲ್ಲ. ನಾಲ್ಕು ಜನದ ಮುಂದೆ ಎಡಗೈಲಿ ಹೆಂಗೆ ಉಣ್ತಾರೆ? ದಿನಾ ಬಾಗ್ಲು ಹಾಕ್ಕಂಡು ನಾನೇ ತಿನ್ನಿಸ್ತೀನಿ. ನಿಮಗೆ ಹೇಳಬ್ಯಾಡ ಅಂದಿದ್ರು."

ನನ್ನ ಹರಿದ ಪರದೆಗೆ ಬಟ್ಟೆ ಹೊದಿಸಿದ್ದ ಮನುಷ್ಯನ ಶಲ್ಯವನ್ನು ನಾನು ಇಡೀ ಸಾಲಿನ ಮುಂದೆ ಎಳೆದ ಹಾಗಾಗಿತ್ತು. ಅದೂ ಪ್ರೀತಿಯಿಂದ, ತುಪ್ಪ ಹಾಕಿ. ಅವತ್ತಿನಿಂದ ನಾನು ಯಾರಿಗೂ ಒತ್ತಾಯ ಮಾಡಿ ಬಡಿಸಿಲ್ಲ. ಬೇಕು ಅಂದವರಿಗೆ ಹಾಕುತ್ತೇನೆ, ಸಾಕು ಅಂದರೆ ಬಿಡುತ್ತೇನೆ. ನೆಂಟರು, "ಅಜ್ಜಿ ಕೈ ಬಿಗಿಯಾತು" ಅಂದರೂ ಅನ್ನಲಿ.

ಇನ್ನು ಕೋಲಿನ ಮಾತು. ನನ್ನ ಮೊಮ್ಮಗಳು ಪಿಯುಸಿ ಓದುತ್ತಾಳೆ. ಅವಳಿಗೆ ಕಂಪ್ಯೂಟರಿನಲ್ಲಿ ವಿಮಾನ ಓಡಿಸುವ ಆಟದ ಹುಚ್ಚು. ಅದು ಗುಂಡು ಹಾರಿಸುವ ಆಟ ಅಲ್ಲ. ನಿಜವಾದ ವಿಮಾನದಲ್ಲಿ ಇರುವ ಹಾಗೆ ಗಡಿಯಾರ, ಮುಳ್ಳು ಎಲ್ಲ ಇರುತ್ತವೆ, ಕೆಳಗೆ ನಿಜವಾದ ಊರುಗಳೇ ಕಾಣುತ್ತವೆ. ಅದನ್ನು ಓಡಿಸಲು ಕೈಯಲ್ಲಿ ಹಿಡಿಯುವ ಕೋಲು ಒಂದು ಬೇಕು, ಜಾಯ್‌ಸ್ಟಿಕ್ ಅನ್ನುತ್ತಾರೆ. ಅಂಗಡಿಯದನ್ನು ಅವರಪ್ಪ ಕೊಡಿಸಲಿಲ್ಲ. "ನಾನೇ ಮಾಡ್ಕಂತೀನಿ" ಅಂದಳು. ಮಾರನೇ ದಿನ ರೊಟ್ಟಿ... ಅಲ್ಲ, ರೊಟ್ಟಿ ನಾವು ಬಡಿಯುವುದು. ಚಪಾತಿ ಮಾಡಲು ಹೋದರೆ ನನ್ನ ಲಟ್ಟಣಿಗೆ ಇಲ್ಲ. ಹುಡುಕಿದರೆ ಅರ್ಧಕ್ಕೆ ಕೊಯ್ಸಿಕೊಂಡು, ಕೋಲಾಗಿ ಅವಳ ಮೇಜಿನ ಮೇಲೆ ನಿಂತಿದೆ.

ಅದು ಕೂತಿದ್ದು ಒಂದು ಹಳೆಯ ಮಣೆಯ ಮೇಲೆ. ಮಣೆಯ ಅಡಿಯ ಪೊಳ್ಳಿನಲ್ಲಿ, ಅಟ್ಟದ ರೇಡಿಯೋ ಬಿಚ್ಚಿ ತೆಗೆದ ಎರಡು ಭಾಗ ಇಟ್ಟಿದ್ದಳು. ದನಿ ಜಾಸ್ತಿ ಕಡಿಮೆ ಮಾಡಲು ತಿರುವುತ್ತೇವಲ್ಲ, ಅವು. ಕೋಲು ಎಡಕ್ಕೆ ಬಲಕ್ಕೆ ವಾಲಿದರೆ ಒಂದು ತಿರುಗುತ್ತದೆ, ಹಿಂದೆ ಮುಂದೆ ವಾಲಿದರೆ ಇನ್ನೊಂದು. ಎಷ್ಟು ತಿರುಗಿತು ಅನ್ನುವುದನ್ನು ಒಂದು ಪುಟ್ಟ ಹಲಗೆ ವೈರಿನ ಮೂಲಕ ಕಂಪ್ಯೂಟರಿಗೆ ಹೇಳುತ್ತದೆ. ಕೈ ಬಿಟ್ಟರೆ ಕೋಲು ನಡುವಿಗೇ ಬಂದು ನಿಲ್ಲಬೇಕು. ಅದಕ್ಕೆ ಸೈಕಲ್ ಟ್ಯೂಬಿನ ಪಟ್ಟಿಗಳನ್ನು ನಾಲ್ಕು ಕಡೆ ಕಟ್ಟಿದ್ದಳು. ಎಷ್ಟು ಕಟ್ಟಿದರೂ ಒಂದು ಕಡೆಗೇ ವಾಲುತ್ತಿತ್ತು.

ಬಾಗಿಲ ಹತ್ತಿರ ಕುರ್ಚಿಯಲ್ಲಿ ಕೂತು ಇದನ್ನೆಲ್ಲ ನೋಡುತ್ತಿದ್ದ ಬೀಗರು, "ನಾಲ್ಕೂ ಒಂದೇ ಸಲ ಬಿಗಿ ಮಾಡಬ್ಯಾಡವ್ವ. ಎದುರು ಬದುರಿಂದು ಜೋಡಿ ಮಾಡಿ ಎಳಿ. ನಾವು ಬಟ್ಟೆ ಬೇಲು ಕಟ್ಟೋದು ಹಂಗೇ" ಅಂದರು. ಹಾಗೆ ಮಾಡಿದಳು. ಕೋಲು ನೆಟ್ಟಗೆ ನಿಂತಿತು. ಅವತ್ತಿಂದ ಅಜ್ಜ ಮೊಮ್ಮಗಳು ಒಂದೇ ಪಾರ್ಟಿ. ಹಿಡಿಗೆ ಸುತ್ತಲು ಹರಿಹರದ ಅಂಗಡಿಯಿಂದಲೇ ಮೆತ್ತನೆಯ ಹತ್ತಿ ಬಟ್ಟೆ ತರಿಸಿದರು. ಅದನ್ನು ಹಲ್ಲಿನಲ್ಲಿ ಕಚ್ಚಿ ಎಡಗೈಯಲ್ಲಿ ಹರಿದರು, ಸೊಟ್ಟಗೆ ಹರಿಯಿತು. ಆ ಸೊಟ್ಟ ಅಂಚನ್ನು ಅವರು ಬೆರಳಿನಿಂದ ಸವರಿ ನೋಡುತ್ತ ಕೂತದ್ದನ್ನು ನಾನು ಅಡುಗೆಮನೆಯಿಂದ ನೋಡಿದೆ.

ಒಂದು ದಿನ ಮೊಮ್ಮಗಳು, "ಅಜ್ಜ, ಇದನ್ನ ಒಂಚೂರು ಹಿಡ್ಕ, ನಾನು ವೈರು ನೋಡ್ತೀನಿ" ಅಂದಳು. ಅವರು ಎಡಗೈ ಚಾಚಿದರು.

"ಎಡಗೈ ಅಲ್ಲಜ್ಜ, ಅದು ಬೇರೆ ಕೆಲಸಕ್ಕೆ ಬೇಕು. ಬಲಗೈ ಇಡು."

"ಅದು ಸತ್ತೈತವ್ವ."

"ಸತ್ರೂ ಭಾರ ಐತಲ್ಲ? ಭಾರ ಸಾಕು."

ನಾನು ಕೈಲಿದ್ದ ಕೆಲಸ ಬಿಟ್ಟು ಓಡಿ ಬಂದೆ. ಏನು ಮಾತು ಆಡಿಬಿಟ್ಟಳು ಅಂತ. ಆದರೆ ಬೀಗರು ಗೊಳ್ಳನೆ ನಕ್ಕರು. ನಾವೆಲ್ಲ ಆ ಕೈಯ ಮುಂದೆ ಪಿಸುಮಾತಲ್ಲಿ ಓಡಾಡುತ್ತಿದ್ದೆವು. ಇವಳು ಅದಕ್ಕೆ ಕೆಲಸ ಹಚ್ಚಿದಳು. ಶಲ್ಯ ಸರಿಸಿ, ಕೈಯನ್ನು ಎತ್ತಿ ಕೋಲಿನ ಮೇಲಿಟ್ಟು, ಬಟ್ಟೆ ಪಟ್ಟಿಯಲ್ಲಿ ಕಟ್ಟಿದಳು. ಆಸ್ಪತ್ರೆಯವರು ಹಿಸುಕಲು ಕೊಟ್ಟಿದ್ದ ರಬ್ಬರ್ ಚೆಂಡನ್ನು ಬೀಗರು ಮಕ್ಕಳ ಸಾಮಾನು ಅಂತ ದಿಂಬಿನ ಕೆಳಗೆ ಬಚ್ಚಿಟ್ಟಿದ್ದರು. ಈಗ ಗಂಟೆಗಟ್ಟಲೆ ಭುಜದಿಂದ, ಮೊಣಕೈಯಿಂದ ಆ ಕೋಲನ್ನು ದೂಡಿದರು. ವ್ಯಾಯಾಮ ಮಾಡಿಸಲು ಬರುತ್ತಿದ್ದ ಹುಡುಗಿ ನೋಡಿ, "ಇದನ್ನೇ ಮಾಡ್ರಿ, ನಾನು ಹೇಳಿದ್ದೂ ಇದನ್ನೇ" ಅಂದಳು.

ಅವರು ಹಾರಿಸುತ್ತಿದ್ದದ್ದು ಒಂದೇ ದಾರಿ. ದಾವಣಗೆರೆಯ ಮೇಲಿಂದ ಹೊರಟು, ಕುಂದವಾಡ ಕೆರೆ ದಾಟಿ, ಬಾತಿ ದಾಟಿ ಹರಿಹರ. ಮೊಮ್ಮಗಳು ದಿಲ್ಲಿ, ದುಬೈ ಎಲ್ಲ ತೋರಿಸುತ್ತೇನೆ ಅಂದರೂ ಬೇಡ. ಕಾರಿನಲ್ಲಿ ಹರಿಹರಕ್ಕೆ ಕರೆದುಕೊಂಡು ಹೋಗುತ್ತೇನೆ ಅಂತ ನನ್ನ ಮಗ ಎಷ್ಟೋ ಸಲ ಅಂದಿದ್ದ. ಈ ಕೈ ಇಟ್ಟುಕೊಂಡು ಗಿರಾಕಿಗಳ ಮುಂದೆ ಇಳಿಯಲಾರೆ ಅಂದಿದ್ದರು. ಮೇಲಿಂದ ಹೋದರೆ ಯಾರೂ ನೋಡುವುದಿಲ್ಲವಲ್ಲ. "ಅಕ್ಕಾರೆ, ಹೊಳಿ ಕಾಣ್ತೈತೆ ನೋಡ್ರಿ" ಅಂತ ಕರೆಯುತ್ತಿದ್ದರು. ನಾನು ಹೋಗಿ ನೋಡುವಷ್ಟರಲ್ಲಿ ವಿಮಾನ ಹೊಳೆಗೆ ಬಿದ್ದಿರುತ್ತಿತ್ತು. "ನಿಮ್ಮ ಲಟ್ಟಣಿಗಿ ಗುಣ ಇದು. ಇಲ್ಲೀ ತನಕ ಹಿಟ್ಟು ಲಟ್ಟಿಸಿತ್ತು, ಈಗ ನನ್ನ ಲಟ್ಟಿಸ್ತೈತೆ" ಅನ್ನುತ್ತಿದ್ದರು. ಹಾಗೇ ಒಂದು ದಿನ ಹೆಬ್ಬೆರಳು ಅಲುಗಿತು. ನಾನು ಕಣ್ಣಾರೆ ನೋಡಿದೆ.

ಇನ್ನು ನನ್ನ ಎರಡನೇ ಘನಕಾರ್ಯ. ಆಯುಧ ಪೂಜೆ ಬಂತು. ಮೊಮ್ಮಗಳು ರಜೆಗೆ ಮಾಯಕೊಂಡದಲ್ಲಿರುವ ನನ್ನ ಮಗಳ ಮನೆಗೆ ಹೋಗಿದ್ದಳು. ನಾನು ಮಗನ ಗಾಡಿ ತೊಳೆದೆ, ಈಳಿಗೆ ಮಣೆ, ಮಿಕ್ಸಿ, ತಕ್ಕಡಿ ಎಲ್ಲ ಇಟ್ಟು ಪೂಜೆ ಮಾಡಿದೆ. ಕೋಲು ನೆನಪಾಯಿತು. ಬೀಗರ ಹೆಬ್ಬೆರಳಿಗೆ ಜೀವ ಕೊಟ್ಟ ಆಯುಧ ಅದು, ಅದಕ್ಕಿಂತ ದೊಡ್ಡದು ಯಾವುದಿದೆ? ಅವರು ಮಲಗಿದ್ದಾಗ ಒದ್ದೆ ಬಟ್ಟೆಯಲ್ಲಿ ಚೆನ್ನಾಗಿ ಒರೆಸಿ, ನೀರಲ್ಲಿ ಕಲಸಿದ ವಿಭೂತಿ ಮೂರು ಬೆರಳಿಂದ ಎಳೆದು, ಕುಂಕುಮ ಇಟ್ಟು, ಸೇವಂತಿಗೆ ಮುಡಿಸಿ, ಕಾಯಿ ಒಡೆದ ನೀರನ್ನು ಅದರ ನೆತ್ತಿಯ ಮೇಲೆ ಬಿಟ್ಟೆ. ಕೈ ಮುಗಿದೆ. ಸಂತೋಷಕ್ಕೆ ಇನ್ನೊಂದು ಸಲ ಬಿಟ್ಟೆ.

ಮಾರನೇ ದಿನದಿಂದ ವಿಮಾನ ಗಿರಿಗಿರಿ ತಿರುಗತೊಡಗಿತು. ಕುಂದವಾಡ ಕೆರೆಯನ್ನೂ ದಾಟುತ್ತಿರಲಿಲ್ಲ. ಬೀಗರು ಬೆಳಗ್ಗೆ ಪ್ರಯತ್ನಪಟ್ಟರು, ಮಧ್ಯಾಹ್ನ ಪ್ರಯತ್ನಪಟ್ಟರು. ಮೂರನೇ ದಿನ ಪಟ್ಟಿ ಬಿಚ್ಚಿ, ಕೈ ಎತ್ತಿ ಮಡಿಲಲ್ಲಿಟ್ಟುಕೊಂಡು, ಮೇಲೆ ಶಲ್ಯ ಎಳೆದುಕೊಂಡರು. "ಯಾಕ ಬೀಗರೆ?" ಅಂದೆ.

"ಬಂದಿದ್ದೂ ಹೋತು ಅಕ್ಕಾರೆ. ಕೈ ಮತ್ತೆ ಮಾತು ಕೇಳವಲ್ದು."

ಆಮೇಲೆ ಮೊಮ್ಮಗಳ ಕೋಣೆಗೆ ಕಾಲಿಡಲಿಲ್ಲ. ಬಾಗಿಲು ಹಾಕಿಕೊಂಡು ಮಗಳು ತಿನ್ನಿಸುತ್ತಿದ್ದ ಊಟವೂ ಕಡಿಮೆಯಾಯಿತು. ಬರೀ ಎರಡು ತುತ್ತು. ನಾನು ಹಿಂದು ಮುಂದು ತಿಳಿಯದೆ ಉಕ್ಕಡಗಾತ್ರಿ ಅಜ್ಜಯ್ಯನಿಗೆ ಹರಕೆ ಹೊತ್ತೆ. ಪೂಜೆ ಕಡಿಮೆಯಾಯಿತೇನೋ ಅಂತ ಇನ್ನೊಂದು ಸಲ ಕೋಲಿಗೆ ವಿಭೂತಿ ಹಚ್ಚಿದೆ. ನನ್ನ ಬುದ್ಧಿ ನೋಡಿ.

ಮೊಮ್ಮಗಳು ಬಂದವಳೇ ಕೋಲು ಹಿಡಿದು ನೋಡಿ, ಮಣೆ ಮಗುಚಿ ಬಿಚ್ಚಿದಳು. ಒಳಗಿಂದ ಇರುವೆಗಳ ಸಾಲು ಹೊರಟಿತು. ರೇಡಿಯೋದ ಭಾಗಗಳ ಮೇಲೆ ಅಂಟು ಅಂಟು, ಅದರ ಮೇಲೆ ವಿಭೂತಿಯ ಹೆಪ್ಪು.

"ಇದರೊಳಗೆ ಕಾಯಿ ನೀರು ಯಾರು ಹಾಕಿದ್ದು?" ಅಂತ ಕೂಗಿದಳು. ಮನೆಯವರೆಲ್ಲ ಬಂದು ನಿಂತರು. ನಾನು ಗೋಡೆಯ ಕಡೆ ಸರಿದೆ. ಕೋಲು ಕೆಟ್ಟಿದ್ದಕ್ಕಲ್ಲ. ಅಷ್ಟು ದಿನ ಆ ಮನುಷ್ಯ ತನ್ನ ಕೈ ಮತ್ತೆ ಸತ್ತಿತು ಅಂದುಕೊಂಡು ಕತ್ತಲಲ್ಲಿ ಕೂತಿದ್ದರಲ್ಲ, ಅದಕ್ಕೆ. ಮೊದಲ ಸಲ ತುಪ್ಪ ಸುರಿದು ಅವರ ಮಾನ ಕಳೆದಿದ್ದೆ. ಈ ಸಲ ಕಾಯಿ ನೀರು ಸುರಿದು ಅವರ ಧೈರ್ಯ ಕಳೆದಿದ್ದೆ. "ನಾನು" ಅನ್ನಲು ಬಾಯಿ ತೆರೆದೆ.

ಅಷ್ಟರಲ್ಲಿ ಬಾಗಿಲಿಂದ ಬೀಗರ ದನಿ ಬಂತು. "ಅಜ್ಜಿಗೆ ಏನೂ ಅನ್ನಬ್ಯಾಡವ್ವ. ನಾನೇ ಹೇಳಿದ್ದೆ, ಎಲ್ಲದಕ್ಕೂ ಪೂಜಿ ಮಾಡ್ತೀರಿ, ನನ್ನ ವಿಮಾನಕ್ಕೂ ಮಾಡ್ರಿ ಅಂತ."

ಅವರು ಹೇಳಿರಲಿಲ್ಲ. ನಾನು ಪೂಜೆ ಮಾಡುವಾಗ ಮಲಗಿದ್ದರು. ಅಳತೆಯ ಮೇಲೆ ನಾಲ್ಕು ಬೆರಳು ಬಿಟ್ಟು ಹರಿಯುವ ಅದೇ ಕೈಯ ಮಾತು ಅದು. ಆಮೇಲೆ ಅವರು ಮೊಮ್ಮಗಳ ಹತ್ತಿರ ಬಂದು, ಇರುವೆ ನೋಡುತ್ತ, ಸಣ್ಣ ದನಿಯಲ್ಲಿ, "ಹಂಗಾರೆ ನನ್ನ ಕೈಗೆ ಏನೂ ಆಗಿಲ್ಲೇನವ್ವ?" ಅಂತ ಕೇಳಿದರು.

"ನಿನ್ನ ಕೈಗೆ ಏನಾಗಿತ್ತಜ್ಜ? ಇದಕ್ಕೆ ಇರುವೆ ಹತ್ತಿದ್ದು."

ಬೀಗರು ಅಲ್ಲೇ ಕೂತು ನಕ್ಕರು, ಕಣ್ಣಲ್ಲಿ ನೀರು ಬರುವ ತನಕ. ನಾನು ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟು ಅತ್ತೆ.

ಅವಳು ರೇಡಿಯೋ ರಿಪೇರಿ ಅಂಗಡಿಯಿಂದ ಬೇರೆ ಎರಡು ಭಾಗ ತಂದು ಹಾಕಿದಳು. ಬೀಗರು ಮತ್ತೆ ಕೂತರು. ಹೆಬ್ಬೆರಳ ಹಿಂದೆ ತೋರುಬೆರಳು ಬಂತು. ಇವತ್ತು ಐದೂ ಬಂದವು. ಹೊಳೆ ದಂಡೆಗೆ ಇಳಿಸುವಾಗ ಮೊಮ್ಮಗಳು, "ಅದು ರನ್‌ವೇ ಅಲ್ಲಜ್ಜ" ಅಂದಳಂತೆ. "ನಮ್ಮೂರಲ್ಲಿ ಇಳಿಯಕ್ಕೆ ಅದ್ಯಾಕೆ ಬೇಕು" ಅಂದರಂತೆ.

ಸಂಜೆ ಅಡುಗೆಗೆ ಸೊಸೆ, "ಹೋಳಿಗಿ ಮಾಡಾಣ ಅತ್ತೆ" ಅಂದಳು. ನಾನು ಬ್ಯಾಡ ಅಂದೆ. ಅವಳು ಬೇಳೆ ಬೇಯಿಸಿಯೇ ಬಿಟ್ಟಿದ್ದಳು. ದೀಪ ಹಚ್ಚಿದ ಮೇಲೆ ನಡುಮನೆಯಲ್ಲಿ ಎಲೆ ಹಾಕಿದೆವು. ಬೀಗರು ಶಲ್ಯವನ್ನು ಗೂಟಕ್ಕೆ ಹಾಕಿ ಬಂದು, ನನ್ನ ಮಗ ಮತ್ತು ಮೊಮ್ಮಗಳ ನಡುವೆ ಕೂತರು. ಮಗ ಸುಮ್ಮನೆ ಕರೆಂಟಿನ ಮಾತು ತೆಗೆದ. ಸೊಸೆ ಗೋಡೆ ನೋಡಿದಳು. ಮೊಮ್ಮಗಳು ಮಾತ್ರ ಅಜ್ಜನ ಕೈಯನ್ನೇ, ತಾನು ಬಿಗಿದ ಪಟ್ಟಿ ನೋಡುವ ಹಾಗೆ ನೋಡುತ್ತಿದ್ದಳು. ಮೊದಲ ತುತ್ತು ಅರ್ಧ ಎಲೆಗೆ ಬಿತ್ತು. ಎರಡನೆಯದು ಬಾಯಿಗೆ ಹೋಯಿತು. ಬಹಳ ಹೊತ್ತು ಅಗಿದರು.

ನಾನು ಅವರ ಎಲೆಯ ಅಂಚಿಗೆ ಒಂದೇ ಒಂದು ಹೋಳಿಗೆ ಇಟ್ಟು, ತಲೆ ತಗ್ಗಿಸಿಕೊಂಡು ಮುಂದೆ ಹೋದೆ. ಸಾಲು ದಾಟುವಷ್ಟರಲ್ಲಿ ಕರೆದರು.

"ಅಕ್ಕಾರೆ. ಒಂದೇ ಏನ್ರಿ? ಹೋದ ಸಲ ಎರಡು ಹಾಕಿದ್ರಲ್ಲ."

ನಾನು ಪಾತ್ರೆ ಹಿಡಿದುಕೊಂಡು ತಿರುಗಿದೆ.

"ಹಾಕ್ರಿ, ನಾಚ್ಕಬ್ಯಾಡ್ರಿ" ಅಂದರು.

ಎರಡನೆಯದನ್ನು ಹಾಕಿದೆ. ಬೀಗರು ಬಲಗೈ ಎತ್ತಿ ಎಲೆಗೆ ಅಡ್ಡ ಇಟ್ಟು, "ಸಾಕ್ರಿ, ಸಾಕ್ರಿ" ಅಂದರು. ನಾನು ಆ ಕೈಯನ್ನು ಮೆಲ್ಲಗೆ ಸರಿಸಿ ಮೂರನೆಯದನ್ನೂ ಹಾಕಿ, ತುಪ್ಪ ಬಿಟ್ಟೆ. ಆಮೇಲೆ ಸೊಸೆ ನನ್ನ ಕೈಯಿಂದ ಪಾತ್ರೆ ತೆಗೆದುಕೊಂಡು ನನ್ನನ್ನೂ ಸಾಲಿನಲ್ಲಿ ಕೂರಿಸಿದಳು, ತಾನೂ ಪಕ್ಕದಲ್ಲಿ ಕೂತಳು. ಎದುರಿಗೆ ಬೀಗರು ಹೋಳಿಗೆಯನ್ನು ಮೂರು ಬೆರಳಲ್ಲಿ ಹಿಡಿದು, ಒಂದೊಂದೇ ಚೂರು, ಅವಸರವಿಲ್ಲದೆ ಹರಿಯುತ್ತಿದ್ದರು. ಎಲ್ಲರೂ ಕೂತು ಉಂಡೆವು.